ಕಾವು ಕೂತ ಹೇಂಟೆಯ ಸುತ್ತ ಮಾರುವ ಸಾಮಾನು: ಯಾವುದನ್ನು ಕೊಳ್ಳಬಹುದು, ಯಾವುದು ಬೇಡ

ಹೇಂಟೆ ಕಾವಿಗೆ ಬಂದಿದೆ ಅಂತ ಗೊತ್ತಾದ ಕೂಡಲೇ ಹೊಸಬರು ಅಂಗಡಿ ಹುಡುಕಲು ಶುರುಮಾಡುತ್ತಾರೆ. ಮೊಟ್ಟೆ ನೋಡುವ ಟಾರ್ಚು, ಪಿಂಗಾಣಿಯ ಸುಳ್ಳು ಮೊಟ್ಟೆ, ಪ್ಲಾಸ್ಟಿಕ್ ಗೂಡುಪೆಟ್ಟಿಗೆ, ತೇವಾಂಶ ತೋರಿಸುವ ಮೀಟರು, ಮೊಟ್ಟೆ ತೊಳೆಯುವ ದ್ರಾವಣ, ಕೆಂಪು ಬಲ್ಬು, ವಿಟಮಿನ್ ಪುಡಿ, ಹೀಗೆ ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ. ಇದರಲ್ಲಿ ಅರ್ಧಕ್ಕಿಂತ ಹೆಚ್ಚು ಸಾಮಾನು ಇನ್‌ಕ್ಯುಬೇಟರ್ (ಮೊಟ್ಟೆಗೆ ಕೃತಕವಾಗಿ ಕಾವು ಕೊಡುವ ಯಂತ್ರ) ಇಟ್ಟುಕೊಂಡವರಿಗಾಗಿ ಹುಟ್ಟಿದ್ದು. ಕೋಳಿಯೇ ಕೂತಿರುವಾಗ ಬಿಸಿ, ತೇವ, ಮೊಟ್ಟೆ ತಿರುಗಿಸುವುದು ಮೂರನ್ನೂ ಅದೇ ನೋಡಿಕೊಳ್ಳುತ್ತದೆ. ಎದೆಯ ಕೆಳಗೆ ಗರಿ ಉದುರಿ ಬರಿ ಚರ್ಮ ಮೊಟ್ಟೆಗೆ ತಾಗುತ್ತದೆ, ದಿನಕ್ಕೆ ಹತ್ತಾರು ಸಲ ಕೊಕ್ಕಿನಿಂದ ಮೊಟ್ಟೆಗಳನ್ನು ಹೊರಳಿಸಿ ಅಂಚಿನದ್ದನ್ನು ನಡುವಿಗೆ ಎಳೆದುಕೊಳ್ಳುತ್ತದೆ.

ಹಾಗಾಗಿ ಇಲ್ಲಿ ಪ್ರತಿ ಸಾಮಾನಿಗೂ ಒಂದೇ ಪ್ರಶ್ನೆ: ಇದು ಹೇಂಟೆ ಆಗಲೇ ಮಾಡುತ್ತಿರುವ ಕೆಲಸಕ್ಕೆ ಕೈ ಹಾಕುತ್ತದೆಯೋ, ಹೇಂಟೆಗೆ ಆಗದ ಕೆಲಸ ಮಾಡುತ್ತದೆಯೋ? ಕೆಟ್ಟ ಮೊಟ್ಟೆಯನ್ನು ಸಮಯಕ್ಕೆ ಗುರುತಿಸುವುದು, ನುಸಿಯನ್ನು ತಡೆಯುವುದು, ಬೇರೆ ಕೋಳಿಗಳನ್ನು ಗೂಡಿನಿಂದ ದೂರ ಇಡುವುದು, ಇವು ಹೇಂಟೆಯ ಕೈಲಾಗದ ಕೆಲಸಗಳು. ಕಾಸು ಖರ್ಚಾಗಬೇಕಾದ್ದು ಇಲ್ಲಿ ಮಾತ್ರ.

ಮೊಟ್ಟೆ ನೋಡುವ ಟಾರ್ಚು

ಒಂದೇ ಒಂದು ಸಾಮಾನು ಕೊಳ್ಳುವುದಾದರೆ ಇದನ್ನೇ ಕೊಳ್ಳಿ. ಕ್ಯಾಂಡ್ಲಿಂಗ್ ಲ್ಯಾಂಪ್, ಎಗ್ ಟೆಸ್ಟರ್ ಅಂತೆಲ್ಲ ಹೆಸರಿಟ್ಟು ಮಾರುತ್ತಾರೆ. ಒಳಗಿರುವುದು ಒಂದು ಎಲ್‌ಇಡಿ, ಅದರ ಬಾಯಿಗೆ ಒಂದು ರಬ್ಬರ್ ಬಳೆ. ಕೊಳ್ಳುವವರು ಬೆಳಕಿನ ಶಕ್ತಿ ಎಷ್ಟು ಅಂತ ಕೇಳುತ್ತಾರೆ. ನೋಡಬೇಕಾದ್ದು ಆ ರಬ್ಬರ್ ಬಾಯಿಯನ್ನು. ಮೊಟ್ಟೆಯ ಅಗಲ ತುದಿ ಅದರ ಮೇಲೆ ಕೂತಾಗ ಸುತ್ತ ಎಲ್ಲೂ ಬೆಳಕು ಸೋರಬಾರದು. ಸೋರಿದರೆ ನಿಮ್ಮ ಕಣ್ಣು ಆ ಸೋರುವ ಬೆಳಕಿಗೆ ಹೊಂದಿಕೊಂಡು, ಚಿಪ್ಪಿನ ಒಳಗಿನ ಸಣ್ಣ ನರಗಳು ಕಾಣುವುದೇ ಇಲ್ಲ. ಬಾಯಿ ಸುಮಾರು 3 ಸೆಂ.ಮೀ. ಅಗಲವಿದ್ದು ರಬ್ಬರ್ ಮೆತ್ತಗಿದ್ದರೆ ಸಣ್ಣ ತಳಿಯ ಮೊಟ್ಟೆಗೂ ದೊಡ್ಡದಕ್ಕೂ ಹೊಂದುತ್ತದೆ. ಗಟ್ಟಿ ಪ್ಲಾಸ್ಟಿಕ್ ಬಾಯಿಯ ಟಾರ್ಚುಗಳೂ ಸಿಗುತ್ತವೆ. ಅವು ಬೇಡ. ಬೆಳಕು ಸೋರುವುದು ಒಂದು ತೊಂದರೆ, ಕೈ ಜಾರಿದರೆ ಚಿಪ್ಪು ಸೀಳುವುದು ಇನ್ನೊಂದು.

ಎರಡನೆಯದಾಗಿ ನೋಡಬೇಕಾದ್ದು ಬಿಸಿ. ಹಳೆಯ ಬಲ್ಬಿನ ಪೆಟ್ಟಿಗೆಗಳು ಅರ್ಧ ನಿಮಿಷದಲ್ಲಿ ಕೈ ಸುಡುವಷ್ಟು ಕಾಯುತ್ತಿದ್ದವು. ಎಲ್‌ಇಡಿಯಲ್ಲಿ ಆ ಭಯ ಕಡಿಮೆ. ಆದರೂ ತುಂಬಾ ಪ್ರಖರವಾದ ಟಾರ್ಚಿನ ಲೋಹದ ತಲೆ ನಾಲ್ಕೈದು ನಿಮಿಷ ಉರಿದ ಮೇಲೆ ಬಿಸಿಯಾಗುತ್ತದೆ. ಒಂದು ಮೊಟ್ಟೆಗೆ ಐದಾರು ಸೆಕೆಂಡು ಸಾಕು, ಮೊಟ್ಟೆಗೂ ಮೊಟ್ಟೆಗೂ ನಡುವೆ ಆರಿಸಿ. ತಂತಿ ಸಿಕ್ಕಿಸಿ ಉರಿಸುವ ಮಾದರಿಗಿಂತ ಸೆಲ್ ಅಥವಾ ಚಾರ್ಜ್ ಮಾಡುವ ಮಾದರಿ ಒಳ್ಳೆಯದು, ಕತ್ತಲೆಯ ಗೂಡಿನ ಪಕ್ಕದಲ್ಲಿ ಪ್ಲಗ್ ಎಲ್ಲಿರುತ್ತದೆ?

ಮೊಬೈಲಿನ ಟಾರ್ಚು ಸಾಲದೇ? ಬಿಳಿ ಚಿಪ್ಪಿಗೆ, ತಿಳಿ ಕೆನೆ ಬಣ್ಣದ ಚಿಪ್ಪಿಗೆ ಸಾಕು. ಕಪ್ಪು ರಟ್ಟಿನಲ್ಲಿ ಮೊಟ್ಟೆ ಕೂರುವಷ್ಟು ತೂತು ಕೊರೆದು ಬೆಳಕಿನ ಮೇಲಿಟ್ಟರೆ ಕೆಲಸ ನಡೆಯುತ್ತದೆ. ಕಂದು ಚಿಪ್ಪಿಗೆ ಮೊಬೈಲು ಸೋಲುತ್ತದೆ. ಮರಾನ್ಸ್ ತಳಿಯ ಗಾಢ ಕಂದು ಮೊಟ್ಟೆಗೆ ಒಳ್ಳೆಯ ಟಾರ್ಚೂ 7ನೇ ದಿನ ಸರಿಯಾಗಿ ಏನೂ ತೋರಿಸುವುದಿಲ್ಲ. ಅಂಥ ಮೊಟ್ಟೆಗಳನ್ನು 10ನೇ ದಿನದವರೆಗೆ ಮುಟ್ಟದಿರುವುದೇ ಜಾಣತನ.

ಬಳಸುವ ಕ್ರಮ ಹೀಗೆ. ಕಾವಿಗಿಟ್ಟ 7ನೇ ದಿನ ಒಮ್ಮೆ, 14ನೇ ದಿನ ಇನ್ನೊಮ್ಮೆ. ರಾತ್ರಿ ಹೊತ್ತು, ಬೇರೆ ದೀಪವಿಲ್ಲದೆ. ಹೇಂಟೆಯ ಎದೆಯಡಿಗೆ ಅಂಗೈ ಮೇಲಾಗಿ ಕೈ ತೂರಿಸಿ ಎರಡು ಮೂರು ಮೊಟ್ಟೆ ಮಾತ್ರ ತೆಗೆದು ಬಟ್ಟೆ ಹಾಸಿದ ಬುಟ್ಟಿಗಿಡಿ. ನೋಡಿ, ವಾಪಸ್ ಇಟ್ಟು, ಮುಂದಿನ ಎರಡು ಮೂರು ತೆಗೆಯಿರಿ. ಅಗಲ ತುದಿಯನ್ನು ಬೆಳಕಿಗೆ ಒತ್ತಿ ಮೊಟ್ಟೆಯನ್ನು ನಿಧಾನ ಹೊರಳಿಸಿ.

7ನೇ ದಿನ ಬದುಕಿರುವ ಮೊಟ್ಟೆಯಲ್ಲಿ ಒಂದು ಕಪ್ಪು ಚುಕ್ಕೆ, ಅದರಿಂದ ಎಲ್ಲ ಕಡೆಗೂ ಹರಡಿದ ಜೇಡರಬಲೆಯಂಥ ಕೆಂಪು ನರಗಳು ಕಾಣುತ್ತವೆ. ಹುಂಜ ಕೂಡದ ಮೊಟ್ಟೆ ಇಡೀ ತಿಳಿಯಾಗಿ ಹೊಳೆಯುತ್ತದೆ, ಹೊರಳಿಸಿದಾಗ ಭಂಡಾರದ (ಹಳದಿ ಭಾಗದ) ನೆರಳಷ್ಟೇ ತೇಲುತ್ತದೆ. ನರಗಳಿಲ್ಲದೆ ಒಂದು ಕೆಂಪು ಉಂಗುರ ಮಾತ್ರ ಕಂಡರೆ ಭ್ರೂಣ ಮೊದಲ ದಿನಗಳಲ್ಲೇ ಸತ್ತಿದೆ. ಈ ಎರಡು ಬಗೆಯನ್ನು ತೆಗೆದುಬಿಡಬೇಕು. 14ನೇ ದಿನಕ್ಕೆ ಮೊಟ್ಟೆಯ ಬಹುಭಾಗ ಕಪ್ಪಾಗಿರುತ್ತದೆ, ಅಗಲ ತುದಿಯ ಗಾಳಿಯ ಜಾಗ ಸ್ಪಷ್ಟ ಗೆರೆಯಿಂದ ಬೇರೆಯಾಗಿ ಕಾಣುತ್ತದೆ, ಅದೃಷ್ಟವಿದ್ದರೆ ಒಳಗಿನದು ಮಿಸುಕುತ್ತದೆ. ಆ ಗೆರೆಯೇ ಇಲ್ಲದೆ ಒಳಗೆಲ್ಲ ಕಲಕಿದ ನೀರಿನಂತೆ ಅಲುಗಿದರೆ ಅದು ಕೊಳೆಯುತ್ತಿದೆ.

ಹೊಸಬರ ಕೈಯಲ್ಲಿ ಟಾರ್ಚು ಮಾಡುವ ದೊಡ್ಡ ಹಾನಿ ಎಂದರೆ ಆತುರ. 3ನೇ ದಿನ ನೋಡಿ 'ಏನೂ ಇಲ್ಲ' ಎಂದು ಒಳ್ಳೆಯ ಮೊಟ್ಟೆಗಳನ್ನು ಎಸೆಯುತ್ತಾರೆ. ಅನುಮಾನ ಬಂದ ಮೊಟ್ಟೆಗೆ ಪೆನ್ಸಿಲಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ ವಾಪಸ್ ಇಡಿ, ಮೂರು ನಾಲ್ಕು ದಿನದ ಮೇಲೆ ಅದು ತಾನೇ ಉತ್ತರ ಹೇಳುತ್ತದೆ. ಕಾಯಬಾರದ್ದು ಒಂದೇ ಸಂದರ್ಭದಲ್ಲಿ: ಚಿಪ್ಪಿನ ಮೇಲೆ ಬೆವರಿನಂತೆ ಹನಿ ಒಸರಿದ್ದರೆ, ಅಥವಾ ಮೂಗಿನ ಹತ್ತಿರ ಹಿಡಿದಾಗ ಗಂಧಕದ ನಾತ ಬಂದರೆ. ಒಳಗೆ ಅನಿಲ ತುಂಬಿದ ಇಂಥ ಮೊಟ್ಟೆ ಹೇಂಟೆಯಡಿಯಲ್ಲಿ ಸಿಡಿದರೆ ಕೊಳೆತ ಲೋಳೆ ಉಳಿದ ಚಿಪ್ಪುಗಳಿಗೆ ಅಂಟಿ, ರಂಧ್ರಗಳ ಮೂಲಕ ಬ್ಯಾಕ್ಟೀರಿಯಾ ಒಳಗಿಳಿದು ಇಡೀ ಗೂಡು ಹಾಳಾಗುತ್ತದೆ. ಟಾರ್ಚಿನ ಬೆಲೆ ಈ ಒಂದು ಮೊಟ್ಟೆಯನ್ನು ಸಮಯಕ್ಕೆ ಹಿಡಿದರೆ ತೀರಿದಂತೆ. ಅಂಥದ್ದನ್ನು ಅಲುಗಿಸದೆ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಹೊರಗೆ ಒಯ್ದು ಹೂಳಿ.

ಸುಳ್ಳು ಮೊಟ್ಟೆ

ಇದರ ಕೆಲಸ ಎರಡು ಮೂರು ದಿನದ್ದು. ಕೋಳಿ ನಿಜವಾಗಿ ಕಾವಿಗೆ ಬಂದಿದೆಯೋ, ಮೊಟ್ಟೆಯಿಡಲು ಸುಮ್ಮನೆ ಹೊತ್ತು ಕಳೆಯುತ್ತಿದೆಯೋ ತಿಳಿಯಲು ಮೂರು ನಾಲ್ಕು ಸುಳ್ಳು ಮೊಟ್ಟೆ ಇಟ್ಟು ನೋಡುವುದು. ಗರಿ ಉಬ್ಬಿಸಿ ಗುರುಗುಟ್ಟುವುದು, ಕೈ ಚಾಚಿದರೆ ಕುಕ್ಕುವುದು, ಎದೆಯ ಗರಿ ಕಿತ್ತು ಗೂಡಿಗೆ ಹಾಸುವುದು, ದಿನಕ್ಕೊಮ್ಮೆ ದೊಡ್ಡದಾಗಿ ನಾರುವ ಹಿಕ್ಕೆ ಹಾಕುವುದು ಇವೆಲ್ಲ ಲಕ್ಷಣಗಳೇ. ಆದರೆ ತೀರ್ಪು ಕೊಡುವುದು ರಾತ್ರಿ. ಕತ್ತಲಾದ ಮೇಲೂ ಮಲಗುವ ಅಡ್ಡೆಗೆ ಹೋಗದೆ ಎರಡು ಮೂರು ರಾತ್ರಿ ಗೂಡಲ್ಲೇ ಉಳಿದರೆ ಮಾತ್ರ ನಿಜವಾದ ಮೊಟ್ಟೆ ಇಡಿ. ಲೆಗ್‌ಹಾರ್ನ್‌ನಂಥ ಮೊಟ್ಟೆ ತಳಿಗಳಲ್ಲಿ ಕಾವಿನ ಗುಣವನ್ನೇ ಆಯ್ದು ಆಯ್ದು ಕಳೆದಿದ್ದಾರೆ, ಅವು ಕೂತರೂ ಅರ್ಧಕ್ಕೆ ಎದ್ದುಹೋಗುವುದು ಹೆಚ್ಚು. ಸಿಲ್ಕಿ, ಕೊಚಿನ್, ಅಸೀಲ್ ತಳಿಗಳಲ್ಲಿ ಈ ಪರೀಕ್ಷೆ ಹೆಚ್ಚುಕಮ್ಮಿ ಶಾಸ್ತ್ರಕ್ಕೆ ಮಾಡಿದಂತೆ.

ಪಿಂಗಾಣಿಯದು ತೂಕದಲ್ಲಿ ನಿಜವಾದ ಮೊಟ್ಟೆಗೆ ಹತ್ತಿರ, ತೊಳೆದರೆ ಹೊಸತರಂತೆ ಆಗುತ್ತದೆ. ಅದೇ ಸರಿ. ಟೊಳ್ಳು ಪ್ಲಾಸ್ಟಿಕ್ಕಿನದು ಎಷ್ಟು ಹಗುರವೆಂದರೆ ಹೇಂಟೆ ಹೊರಳಿಸಿದಾಗಲೆಲ್ಲ ಗೂಡಿನಿಂದ ಆಚೆ ಹಾರುತ್ತದೆ. ಮರದ್ದು ನಡೆಯುತ್ತದೆ, ಹಿಕ್ಕೆ ಹೀರಿಕೊಂಡು ಕರೆಗಟ್ಟುತ್ತದೆ ಅಷ್ಟೆ. ಹಳೆಯ ಗಾಲ್ಫ್ ಚೆಂಡು ಇದ್ದರೆ ಕೊಳ್ಳುವ ಅಗತ್ಯವೇ ಇಲ್ಲ: ಸುಮಾರು 46 ಗ್ರಾಂ, 43 ಮಿ.ಮೀ., ಹೇಂಟೆಗೆ ಅದರ ಬಗ್ಗೆ ಯಾವ ತಕರಾರೂ ಇರುವುದಿಲ್ಲ. ಹಾವು ಓಡಾಡುವ ಜಾಗದಲ್ಲಿ ಗೂಡಿನಲ್ಲಿ ಸುಳ್ಳು ಮೊಟ್ಟೆ ಖಾಯಂ ಬಿಡಬೇಡಿ, ನುಂಗಿದ ಹಾವು ಅದನ್ನು ಅರಗಿಸಲಾಗದೆ ಸಾಯುತ್ತದೆ.

ತೊಳೆಯುವ ದ್ರಾವಣ, ಮೊಟ್ಟೆ ತಟ್ಟೆ, ಪೆನ್ಸಿಲು

ದ್ರಾವಣ ಬೇಡ. ಕೋಳಿ ಇಟ್ಟ ಮೊಟ್ಟೆಯ ಮೇಲೆ ಒಣಗಿದ ತೆಳು ಪೊರೆ ರಂಧ್ರಗಳನ್ನು ಮುಚ್ಚಿರುತ್ತದೆ. ತೊಳೆದರೆ ಅದು ಹೋಗುತ್ತದೆ. ತಣ್ಣೀರಿನಲ್ಲಿ ತೊಳೆದರಂತೂ ಒಳಗಿನ ದ್ರವ ಕುಗ್ಗಿ, ಹೊರಗಿನ ಕೊಳೆಯನ್ನು ರಂಧ್ರಗಳ ಮೂಲಕ ಎಳೆದುಕೊಳ್ಳುತ್ತದೆ. ಕಾವಿಗೆ ಶುಚಿಯಾದ ಮೊಟ್ಟೆಯನ್ನೇ ಆರಿಸಿ, ಅಲ್ಪಸ್ವಲ್ಪ ಅಂಟಿದ್ದರೆ ಒಣ ಬಟ್ಟೆಯಿಂದ ಉಜ್ಜಿ. ಬಿರುಕು ಬಿಟ್ಟದ್ದು, ಚಿಪ್ಪು ತೆಳುವಾದದ್ದು, ಆಕಾರ ಕೆಟ್ಟದ್ದು, ಎರಡು ಭಂಡಾರ ಇರಬಹುದಾದ ದೈತ್ಯ ಮೊಟ್ಟೆ ಯಾವುದೂ ಬೇಡ.

ಸಂಗ್ರಹಕ್ಕೆ ಸಾಧಾರಣ ಮೊಟ್ಟೆ ತಟ್ಟೆ ಸಾಕು. ಚೂಪು ತುದಿ ಕೆಳಗೆ, ಫ್ರಿಜ್‌ನ ಹೊರಗೆ, 13ರಿಂದ 18 ಡಿಗ್ರಿ ಸೆಲ್ಸಿಯಸ್ ಇರುವ ತಂಪು ಮೂಲೆ. 7 ದಿನದೊಳಗಿನ ಮೊಟ್ಟೆ ಉತ್ತಮ, 10 ದಿನ ದಾಟಿದರೆ ಮರಿಯಾಗುವ ಸಾಧ್ಯತೆ ಇಳಿಯುತ್ತ ಹೋಗುತ್ತದೆ. ಪಾರ್ಸೆಲಿನಲ್ಲಿ ಬಂದ ಮೊಟ್ಟೆಗಳನ್ನು ಚೂಪು ತುದಿ ಕೆಳಗಾಗಿ 24 ಗಂಟೆ ಸುಮ್ಮನೆ ಬಿಟ್ಟು ಆಮೇಲೆ ಕಾವಿಗಿಡಿ, ಕುಲುಕಿ ಕದಲಿದ ಗಾಳಿಯ ಜಾಗ ಸ್ಥಿರವಾಗಲು ಅಷ್ಟು ಹೊತ್ತು ಬೇಕು.

ಇಡೀ ಪಟ್ಟಿಯಲ್ಲಿ ಅತಿ ಅಗ್ಗವಾದ, ಅತಿ ಹೆಚ್ಚು ಕೆಲಸ ಮಾಡುವ ಸಾಮಾನು ಪೆನ್ಸಿಲು. ಕಾವಿಗಿಡುವ ದಿನ ಪ್ರತಿ ಮೊಟ್ಟೆಯ ಸುತ್ತ ಒಂದು ಗೆರೆ ಎಳೆದು ತಾರೀಖು ಬರೆಯಿರಿ. ಮಾರ್ಕರ್ ಪೆನ್ನು ಬೇಡ, ಅದರ ರಾಸಾಯನಿಕ ಚಿಪ್ಪಿನೊಳಗೆ ಇಳಿಯಬಹುದು. ಹೇಂಟೆ ಮೇವಿಗೆ ಎದ್ದ ಹೊತ್ತಿನಲ್ಲಿ ಬೇರೆ ಕೋಳಿಗಳು ನುಗ್ಗಿ ಮೊಟ್ಟೆಯಿಟ್ಟು ಹೋಗುತ್ತವೆ. ಗೆರೆಯಿಲ್ಲದ್ದನ್ನು ಅದೇ ದಿನ ತೆಗೆಯದಿದ್ದರೆ ಗೂಡಿನಲ್ಲಿ ಬೇರೆ ಬೇರೆ ವಯಸ್ಸಿನ ಭ್ರೂಣಗಳಾಗುತ್ತವೆ. ಮೊದಲ ಮರಿಗಳು ಹೊರಬಂದ ಒಂದೆರಡು ದಿನಕ್ಕೆ ಹೇಂಟೆ ಅವುಗಳ ಹಿಂದೆ ಎದ್ದುಹೋಗುತ್ತದೆ, ಉಳಿದವು ತಣ್ಣಗಾಗಿ ಸಾಯುತ್ತವೆ. ಎಲ್ಲ ಮೊಟ್ಟೆಗಳನ್ನೂ ಒಂದೇ ಹೊತ್ತಿಗೆ ಇಡಬೇಕು ಎನ್ನುವುದೂ ಇದಕ್ಕೇ. ಸಂಖ್ಯೆಯಲ್ಲೂ ಆಸೆ ಬೇಡ: ನಡುಗಾತ್ರದ ಹೇಂಟೆಗೆ 10ರಿಂದ 12, ಬ್ಯಾಂಟಮ್ ಎಂಬ ಕುಳ್ಳ ಕೋಳಿಗೆ 5ರಿಂದ 7. ಒಂದು ಮೊಟ್ಟೆ ರೆಕ್ಕೆಯಿಂದ ಆಚೆ ಇಣುಕಿದರೂ ನಷ್ಟ ಆ ಒಂದಕ್ಕೆ ನಿಲ್ಲುವುದಿಲ್ಲ. ಹೇಂಟೆ ಮೊಟ್ಟೆಗಳ ಜಾಗ ಬದಲಿಸುತ್ತಲೇ ಇರುವುದರಿಂದ ಸರದಿಯ ಮೇಲೆ ಒಂದೊಂದೂ ತಣ್ಣಗಾಗುತ್ತದೆ.

ಗೂಡುಪೆಟ್ಟಿಗೆ ಮತ್ತು ಹಾಸು

ಅಂಗಡಿಯ ಗೂಡುಪೆಟ್ಟಿಗೆಗಳಲ್ಲಿ ಬಹಳಷ್ಟು ಮೊಟ್ಟೆಯಿಡಲು ಮಾಡಿದವು, ಕಾವಿಗಲ್ಲ. ನೆಲ ಇಳಿಜಾರಾಗಿದ್ದು ಮೊಟ್ಟೆ ತಾನಾಗಿ ಉರುಳಿ ಹಿಂದಿನ ತಟ್ಟೆಗೆ ಬೀಳುವ ಮಾದರಿಯನ್ನು ಕಾವು ಕೂರಿಸಲು ಕೊಂಡವರು ಹಣ ಕಳೆದುಕೊಂಡಂತೆ. ತಂತಿ ಜಾಲರಿಯ ನೆಲವೂ ಬೇಡ. ಕಾವಿಗೆ ಬೇಕಾದ್ದು 35ರಿಂದ 40 ಸೆಂ.ಮೀ. ಚೌಕ, ಹೇಂಟೆ ನಿಂತು ತಿರುಗುವಷ್ಟು ಎತ್ತರ, ಮುಂದೆ 8ರಿಂದ 10 ಸೆಂ.ಮೀ. ತಡೆ, ಮತ್ತು ಪೆಟ್ಟಿಗೆ ನೆಲದ ಮೇಲೆ. ಎತ್ತರದ ಗೂಡಿನಿಂದ ಕೆಳಗೆ ಬಿದ್ದ ಮರಿ ವಾಪಸ್ ಹತ್ತಲಾರದು.

ಪ್ಲಾಸ್ಟಿಕ್ಕೋ ಮರವೋ? ಪ್ಲಾಸ್ಟಿಕ್ಕಿನಲ್ಲಿ ಸಂದುಗಳು ಕಡಿಮೆ, ತೊಳೆಯುವುದು ಸುಲಭ. ಮರದ ಪೆಟ್ಟಿಗೆಯ ಕೂಡುಗಳಲ್ಲಿ ಕೆಂಪು ನುಸಿ ಮನೆ ಮಾಡುತ್ತದೆ. ಒಂದೇ ಸಲಕ್ಕಾದರೆ ಗಟ್ಟಿ ರಟ್ಟಿನ ಡಬ್ಬ ಇವೆರಡನ್ನೂ ಮೀರಿಸುತ್ತದೆ: ಮರಿಗಳು ಎದ್ದ ಮೇಲೆ ಹಾಸಿನ ಸಮೇತ ಸುಟ್ಟುಬಿಡಬಹುದು. ತಯಾರಕರಿಗೆ ಈ ಮಾತು ಹಿಡಿಸಲಿಕ್ಕಿಲ್ಲ.

ತಳಕ್ಕೆ ಸ್ವಲ್ಪ ತೇವದ ಮಣ್ಣು, ಅದರ ಮೇಲೆ 8ರಿಂದ 10 ಸೆಂ.ಮೀ. ಒಣಹುಲ್ಲು ಅಥವಾ ಮರದ ತೆಳು ಸುರುಳಿ. ನಡುವೆ ಮುಷ್ಟಿಯಿಂದ ಒತ್ತಿ ತಟ್ಟೆಯಷ್ಟು ತಗ್ಗು ಮಾಡಿ. ತಗ್ಗಿಲ್ಲದಿದ್ದರೆ ಮೊಟ್ಟೆ ಮೂಲೆಗೆ ಉರುಳುತ್ತದೆ, ತಗ್ಗು ಜಾಸ್ತಿಯಾದರೆ ಒಂದರ ಮೇಲೊಂದು ಹತ್ತಿ ಒಡೆಯುತ್ತದೆ. ನುಣ್ಣನೆಯ ಗರಗಸದ ಹುಡಿ ಧೂಳೆಬ್ಬಿಸುತ್ತದೆ. ಬರಿ ಕಾಗದ ಜಾರುತ್ತದೆ, ಅದರ ಮೇಲೆ ಹುಟ್ಟಿದ ಮರಿಗಳ ಕಾಲು ಅಗಲಕ್ಕೆ ಜಾರಿ ಸೊಟ್ಟಗಾಗುತ್ತವೆ. ಹೇಂಟೆಯನ್ನು ಹೊಸ ಪೆಟ್ಟಿಗೆಗೆ ಸಾಗಿಸುವುದು ರಾತ್ರಿಯಲ್ಲೇ, ಮೊದಲು ಸುಳ್ಳು ಮೊಟ್ಟೆಯ ಮೇಲೆ. ಅಲ್ಲಿ ಒಂದು ಹಗಲು ಪೂರ್ತಿ ಕೂತ ಮೇಲೆ ನಿಜವಾದವನ್ನು ಅಡಿಗೆ ಸೇರಿಸಿ.

ನುಸಿ ಪುಡಿ

ಟಾರ್ಚಿನ ನಂತರ ಕೊಳ್ಳಬೇಕಾದ್ದು ಇದು. ಒಳ್ಳೆಯ ಹೇಂಟೆ ಅರ್ಧಕ್ಕೆ ಗೂಡು ಬಿಟ್ಟರೆ ಎಲ್ಲರೂ ಹೇಂಟೆಯನ್ನೇ ಬೈಯುತ್ತಾರೆ, ಬಹಳ ಸಲ ಕಾರಣ ಕೆಂಪು ನುಸಿ. ಅದು ಹಗಲು ಪೆಟ್ಟಿಗೆಯ ಸಂದಿನಲ್ಲಿ ಅಡಗಿದ್ದು ರಾತ್ರಿ ಬಂದು ರಕ್ತ ಹೀರುತ್ತದೆ. ಇಪ್ಪತ್ತೊಂದು ದಿನ ಒಂದೇ ಕಡೆ ಕೂರುವ ಕೋಳಿಗಿಂತ ಸುಲಭದ ಬೇಟೆ ಅದಕ್ಕೆ ಸಿಗುವುದಿಲ್ಲ. ಜುಟ್ಟು ಬಿಳಿಚುವುದು, ರಾತ್ರಿ ಚಡಪಡಿಸುವುದು, ಸಂದುಗಳಲ್ಲಿ ಬೂದಿಯಂಥ ಪುಡಿ, ಬಿಳಿ ಕಾಗದ ಒತ್ತಿ ಎಳೆದರೆ ಕೆಂಪು ಗೀರು, ಇವು ಗುರುತು.

ಕೋಳಿಗಳಿಗೆಂದೇ ಲೇಬಲ್ ಇರುವ ಪೈರೆಥ್ರಿನ್ ಅಥವಾ ಪರ್ಮೆಥ್ರಿನ್ ಎಂಬ ಕೀಟನಾಶಕದ ಪುಡಿ ಕೆಲಸ ಮಾಡುತ್ತದೆ, ಪ್ರಮಾಣ ಲೇಬಲ್ಲಿನಲ್ಲಿ ಇದ್ದಷ್ಟೇ. ಮೊಟ್ಟೆ ಇಡುವ ಮೊದಲೇ ಹೇಂಟೆಯ ರೆಕ್ಕೆಯಡಿ, ಗುದದ ಸುತ್ತ ಹಚ್ಚಿ, ಪೆಟ್ಟಿಗೆಯ ಸಂದುಗಳಿಗೂ ತೂರಿಸಿ. ಬಿಸಿ ವಾತಾವರಣದಲ್ಲಿ ನುಸಿಯ ಒಂದು ತಲೆಮಾರು ಸುಮಾರು ಒಂದು ವಾರದಲ್ಲಿ ಮುಗಿಯುತ್ತದೆ, ಪುಡಿ ನುಸಿಯ ಮೊಟ್ಟೆಗಳನ್ನು ಕೊಲ್ಲುವುದಿಲ್ಲ. ಆದ್ದರಿಂದ ಒಂದು ಸಲಕ್ಕೆ ನಿಲ್ಲಿಸಿದವರ ಗೂಡಿನಲ್ಲಿ ಮತ್ತೆ ಎದ್ದೇ ಏಳುತ್ತದೆ. ಎರಡನೇ ಸಲ ಪೆಟ್ಟಿಗೆಯ ಹೊರಗೋಡೆ, ತಳಕ್ಕೆ ಮಾತ್ರ, ಮೊಟ್ಟೆಗೆ ತಾಗದಂತೆ. 'ನೈಸರ್ಗಿಕ' ಎಂದು ಮಾರುವ ಡಯಾಟಮ್ ಮಣ್ಣಿಗೆ (ಸೂಕ್ಷ್ಮ ಪಾಚಿಯ ಪಳೆಯುಳಿಕೆಯ ಪುಡಿ) ಅಷ್ಟು ಅಂಕ ಕೊಡಲಾಗದು: ಗೂಡಿನ ತೇವ ತಾಗಿದರೆ ನಿಷ್ಪ್ರಯೋಜಕ, ಧೂಳು ಕೋಳಿಯ ಶ್ವಾಸಕ್ಕೂ ನಿಮ್ಮದಕ್ಕೂ ಒಳ್ಳೆಯದಲ್ಲ.

ಬೇಡವೇ ಬೇಡದವು

ಕೆಂಪು ಬಲ್ಬು: ಕೂತ ಹೇಂಟೆಯ ಮೇಲೆ ಬಿಸಿ ಸುರಿದರೆ ಅದು ಬೇಗೆಗೆ ಎದ್ದುಹೋಗುತ್ತದೆ, ಒಣಹುಲ್ಲಿನ ಪಕ್ಕ ಬೆಂಕಿಯ ಅಪಾಯ ಬೇರೆ. ತೇವಾಂಶದ ಮೀಟರು: ತೋರಿಸುವುದು ಕೋಣೆಯ ಗಾಳಿಯನ್ನು, ರೆಕ್ಕೆಯಡಿಯದನ್ನಲ್ಲ. ತೂಕದ ಯಂತ್ರ ಕುತೂಹಲಕ್ಕೆ ಸರಿ. 18ನೇ ದಿನದ ಹೊತ್ತಿಗೆ ಮೊಟ್ಟೆ ತನ್ನ ತೂಕದ ಶೇ. 12ರ ಆಸುಪಾಸು ಕಳೆದುಕೊಳ್ಳುತ್ತದೆ, ಅಂದರೆ 60 ಗ್ರಾಮಿನದು 53ಕ್ಕೆ ಬರುತ್ತದೆ. ಹೆಚ್ಚು ಕಡಿಮೆಯಾಗಿದ್ದು ಗೊತ್ತಾದರೂ ಹೇಂಟೆಗೆ ಹೇಳಿ ಸರಿಪಡಿಸಲು ಬರುವುದಿಲ್ಲವಲ್ಲ.

ವಿಟಮಿನ್ ಪುಡಿಯ ಬದಲು ಕಾಳು. ಕಾವಿನ ಕೋಳಿ ಕಡಿಮೆ ತಿಂದು ತೂಕ ಇಳಿಯುವುದು ಸಹಜ. ಜೋಳ, ಗೋಧಿಯಂಥ ಇಡೀ ಕಾಳು ಮತ್ತು ನೀರನ್ನು ಗೂಡಿನಿಂದ ನಾಲ್ಕೈದು ಹೆಜ್ಜೆ ದೂರದಲ್ಲಿಡಿ. ಕೂತಲ್ಲೇ ಕೊಕ್ಕಿಗೆ ಸಿಗುವ ಬಟ್ಟಲು ಮೇಲ್ನೋಟಕ್ಕೆ ಉಪಕಾರ, ಆದರೆ ಏಳದ ಕೋಳಿ ಗೂಡಲ್ಲೇ ಹಿಕ್ಕೆ ಹಾಕುತ್ತದೆ. ದಿನಕ್ಕೊಮ್ಮೆ 15ರಿಂದ 30 ನಿಮಿಷ ಅದು ಹೊರಗಿದ್ದರೆ ಮೊಟ್ಟೆಗೆ ಏನೂ ಆಗದು. ಏಳದಿದ್ದರೆ ನೀವೇ ಎತ್ತಿ ಹೊರಗಿಡಿ, ಎತ್ತುವ ಮೊದಲು ರೆಕ್ಕೆಯ ಸಂದಿನಲ್ಲಿ ಮೊಟ್ಟೆ ಸಿಕ್ಕಿಕೊಂಡಿಲ್ಲ ಎಂದು ಕೈಯಾಡಿಸಿ. ಒಂದೆರಡು ಗಂಟೆ ತಣ್ಣಗಾದ ಮೊಟ್ಟೆಗಳನ್ನೂ ಎಸೆಯಬೇಡಿ. ಹೇಂಟೆಯನ್ನು ಮತ್ತೆ ಕೂರಿಸಿ, ನಾಲ್ಕು ದಿನ ಬಿಟ್ಟು ಟಾರ್ಚಿನಲ್ಲಿ ನೋಡಿ.

ಸಣ್ಣ ಇನ್‌ಕ್ಯುಬೇಟರು, ಕೊನೆಯ ದಿನಗಳು

ಇನ್‌ಕ್ಯುಬೇಟರ್ ಆಗಲೇ ಇದ್ದರೆ ಹೇಂಟೆ ಕೈಕೊಟ್ಟಾಗ ಆಸರೆ. ಫ್ಯಾನ್ ಇರುವುದರಲ್ಲಿ 37.5 ಡಿಗ್ರಿ ಇಟ್ಟು ಒಂದು ದಿನ ಖಾಲಿ ಓಡಿಸಿ ನೋಡಿರಬೇಕು. ಇದಕ್ಕಾಗಿಯೇ ಹೊಸದು ಕೊಳ್ಳುವಷ್ಟು ಪ್ರಯೋಜನ ಕಾಣುವುದಿಲ್ಲ, ಅಷ್ಟು ಹಣಕ್ಕೆ ಎರಡನೇ ಹೇಂಟೆಯನ್ನೇ ಸಾಕಬಹುದು.

18ನೇ ದಿನದಿಂದ ಟಾರ್ಚನ್ನು ಎತ್ತಿಟ್ಟುಬಿಡಿ, ಕೈಯೂ ದೂರವಿರಲಿ. 20, 21ನೇ ದಿನಕ್ಕೆ ಚಿಪ್ಪಿಗೆ ಮೊದಲ ತೂತು ಬೀಳುತ್ತದೆ, ಅಲ್ಲಿಂದ ಮರಿ ಹೊರಬರಲು 12ರಿಂದ 24 ಗಂಟೆ ಹಿಡಿಯುವುದುಂಟು. ಆ ಹೊತ್ತಿನಲ್ಲಿ ಮರಿ ಭಂಡಾರವನ್ನು ಹೊಟ್ಟೆಗೆ ಎಳೆದುಕೊಳ್ಳುತ್ತಿರುತ್ತದೆ, ಪೊರೆಯ ರಕ್ತನಾಳಗಳು ಒಣಗುತ್ತಿರುತ್ತವೆ. ಸಹಾಯ ಮಾಡುತ್ತೇನೆಂದು ಚಿಪ್ಪು ಸುಲಿದರೆ ರಕ್ತ ಸೋರಿ ಸಾಯುತ್ತದೆ. ಖಾಲಿ ಚಿಪ್ಪುಗಳನ್ನು ಮಾತ್ರ ಅಂಚಿನಿಂದ ತೆಗೆಯಿರಿ, ಅವು ಬೇರೆ ಮೊಟ್ಟೆಗೆ ಟೋಪಿಯಂತೆ ಸಿಕ್ಕಿಕೊಂಡು ಒಳಗಿನ ಮರಿಗೆ ದಾರಿ ಮುಚ್ಚುತ್ತವೆ. 23ನೇ ದಿನವೂ ಸದ್ದಿಲ್ಲದವನ್ನು ಒಮ್ಮೆ ಬೆಳಕಿಗೆ ಹಿಡಿದು ತೆಗೆದುಹಾಕಿ.

ಮರಿಗಳಿಗೆ ಕೊಳ್ಳಬೇಕಾದ್ದು ಎರಡೇ: ಆಳವಿಲ್ಲದ ನೀರಿನ ತಟ್ಟೆ ಮತ್ತು ಶೇ. 20ರಷ್ಟು ಪ್ರೋಟೀನ್ ಇರುವ ಸ್ಟಾರ್ಟರ್, ಅಂದರೆ ಮರಿಗಳ ಮೊದಲ ಮೇವು. ತಟ್ಟೆಗೆ ಬೆಣಚುಕಲ್ಲು ತುಂಬಿದರೆ ಮರಿ ಮುಳುಗುವುದಿಲ್ಲ. ಸ್ಟಾರ್ಟರನ್ನು ಹೇಂಟೆಯೂ ತಿನ್ನಲಿ. ಮೊಟ್ಟೆಯಿಡುವ ಕೋಳಿಗೆಂದು ಮಾಡಿದ ಮೇವನ್ನು ಮರಿಗಳು ತಿನ್ನಬಾರದು, ಅದರಲ್ಲಿರುವ ಸುಮಾರು ಶೇ. 4ರ ಕ್ಯಾಲ್ಸಿಯಂ ಅವುಗಳ ಮೂತ್ರಪಿಂಡ ಕೆಡಿಸುತ್ತದೆ. ಸ್ಟಾರ್ಟರಿನಲ್ಲಿ ರಕ್ತಭೇದಿಯ ಕಾಕ್ಸಿಡಿಯೋಸಿಸ್ ತಡೆಯಲು ಆಂಪ್ರೋಲಿಯಂ ಎಂಬ ಔಷಧಿ ಬೆರೆಸಿದ ಚೀಲಗಳೂ ಸಿಗುತ್ತವೆ. ಆ ರೋಗಕ್ಕೆ ಲಸಿಕೆ ಹಾಕಿಸಿದ ಮರಿಗಳಿಗೆ ಅದನ್ನು ಕೊಟ್ಟರೆ ಲಸಿಕೆ ವ್ಯರ್ಥ, ಆದ್ದರಿಂದ ಚೀಲದ ಲೇಬಲ್ ಓದಿಯೇ ಕೊಳ್ಳಿ.